ರಾಮಾನುಜನ್ ಹಡಗು ಹತ್ತಿದ್ದು ಯಾರ ದುಡ್ಡಲ್ಲಿ?

ಏಳನೇ ಸೆಮ್ ಬಂತಂದ್ರೆ ಹಾಸ್ಟೆಲಿನ ಮಾತೇ ಬದಲಾಗಿಬಿಡುತ್ತೆ. ಜಿಆರ್‌ಇ ಎಷ್ಟು ಬಂತು, ಯಾವ ಯೂನಿವರ್ಸಿಟಿಗೆ ಹಾಕ್ತಿದೀಯ, ರೆಕಮೆಂಡೇಶನ್ ಯಾವ ಸರ್ ಹತ್ರ ತಗೊಂಡೆ. ಇಷ್ಟೆಲ್ಲ ಆದ ಮೇಲೆ ಮಾತು ಬಂದು ನಿಲ್ಲೋದು ಒಂದೇ ಕಡೆ: ದುಡ್ಡು. ಅಡ್ಮಿಶನ್ ಸಿಕ್ಕಿಯೂ ಫಂಡಿಂಗ್ ಸಿಗದೆ ಸುಮ್ಮನಾದ ಸೀನಿಯರ್‌ಗಳು ನಮ್ಮೆಲ್ಲರಿಗೂ ಗೊತ್ತು.

ಈ ತಲೆನೋವು ನಿನ್ನೆ ಮೊನ್ನೆಯದಲ್ಲ. ಶ್ರೀನಿವಾಸ ರಾಮಾನುಜನ್ ಕಥೆಯನ್ನು ನಾವು ಹೈಸ್ಕೂಲಿನಿಂದ ಕೇಳುತ್ತಲೇ ಬಂದಿದ್ದೇವೆ. ಹಾರ್ಡಿಗೆ ಬರೆದ ಪತ್ರ, ಕನಸಲ್ಲಿ ಬರುತ್ತಿದ್ದ ದೇವಿ, ಟ್ಯಾಕ್ಸಿ ನಂಬರ್ 1729. ಈ ಸಲ ಅದೇ ಕಥೆಯನ್ನು ದುಡ್ಡಿನ ಕಡೆಯಿಂದ ನೋಡೋಣ. ಆಗ ಬೇರೆಯದೇ ಒಂದು ರಾಮಾನುಜನ್ ಕಾಣಿಸ್ತಾರೆ.

ಹುಟ್ಟಿದ್ದು 1887ರ ಡಿಸೆಂಬರ್ 22, ಈರೋಡಿನಲ್ಲಿ. ಬೆಳೆದಿದ್ದು ಕುಂಭಕೋಣಂನಲ್ಲಿ. ಅಪ್ಪ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ, ತಿಂಗಳಿಗೆ ಸುಮಾರು 20 ರೂಪಾಯಿ ಸಂಬಳ. ಅಮ್ಮ ಕೋಮಲತ್ತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡಿ ನಾಲ್ಕು ಕಾಸು ತರುತ್ತಿದ್ದರು, ಮನೆಯಲ್ಲಿ ಓದೋ ಹುಡುಗರಿಗೆ ಊಟ ಹಾಕಿ ಒಂದಿಷ್ಟು ಸಂಪಾದಿಸುತ್ತಿದ್ದರು. ಶಾಲೆಯಲ್ಲಿ ಹುಡುಗ ಬಹುಮಾನದ ಮೇಲೆ ಬಹುಮಾನ. 1904ರಲ್ಲಿ ಕುಂಭಕೋಣಂ ಸರ್ಕಾರಿ ಕಾಲೇಜಿಗೆ ಸ್ಕಾಲರ್‌ಶಿಪ್ ಮೇಲೆ ಸೇರಿದ್ದು.

ಅಲ್ಲೇ ಮೊದಲ ಪೆಟ್ಟು ಬಿತ್ತು. ಅಷ್ಟರಲ್ಲಿ ಜಿ. ಎಸ್. ಕಾರ್ ಎಂಬುವವರ ಗಣಿತದ ಪುಸ್ತಕವೊಂದು ಕೈಗೆ ಸಿಕ್ಕಿತ್ತು. ಸಾವಿರಾರು ಫಲಿತಾಂಶಗಳ ಪಟ್ಟಿ, ಸಾಧನೆ ಇದ್ದರೂ ನಾಮಕಾವಸ್ತೆ. ಅವನ್ನೆಲ್ಲ ತಾವೇ ಸಾಧಿಸುತ್ತಾ ಕೂತ ರಾಮಾನುಜನ್‌ಗೆ ಬೇರೆ ವಿಷಯದ ಕಡೆ ಗಮನವೇ ಇರಲಿಲ್ಲ. ಇಂಗ್ಲಿಷಿನಲ್ಲಿ ಫೇಲ್. ಸ್ಕಾಲರ್‌ಶಿಪ್ ಹೋಯಿತು. ಟರ್ಮಿಗೆ 32 ರೂಪಾಯಿ ಫೀಸು ಕಟ್ಟಬೇಕು, ಅಂದರೆ ಅಪ್ಪನ ಒಂದೂವರೆ ತಿಂಗಳ ಸಂಬಳ. 1905ರಲ್ಲಿ ಹುಡುಗ ಯಾರಿಗೂ ಹೇಳದೆ ಮನೆ ಬಿಟ್ಟು ವಿಶಾಖಪಟ್ಟಣಕ್ಕೆ ಓಡಿಹೋದ. ಬ್ಯಾಕ್‌ಲಾಗ್ ಅಂದ್ರೆ ಏನು ಅಂತ ಗೊತ್ತಿರೋ ನಮಗೆ ಆ ವಯಸ್ಸಿನ ಅವಮಾನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜಿನಲ್ಲಿ ಇನ್ನೊಂದು ಪ್ರಯತ್ನ. ಅಲ್ಲಿ ಕೈಕೊಟ್ಟಿದ್ದು ಶರೀರಶಾಸ್ತ್ರ. 1906ರಲ್ಲೂ ಫೇಲ್, 1907ರಲ್ಲೂ ಫೇಲ್. ಡಿಗ್ರಿಯ ಬಾಗಿಲು ಅಲ್ಲಿಗೆ ಮುಚ್ಚಿತು.

1909ರಲ್ಲಿ ಜಾನಕಿಯ ಜೊತೆ ಮದುವೆಯಾಯಿತು. ಇನ್ನು ಸಂಪಾದನೆ ಬೇಕೇ ಬೇಕು. ನೋಟ್‌ಬುಕ್ ಕಂಕುಳಲ್ಲಿ ಇಟ್ಟುಕೊಂಡು ಕಂಡವರ ಮನೆ ಬಾಗಿಲಿಗೆ ಅಲೆಯೋ ಕೆಲಸ ಶುರುವಾಯಿತು. ಭಾರತೀಯ ಗಣಿತ ಸಂಘವನ್ನು ಕಟ್ಟಿದ ವಿ. ರಾಮಸ್ವಾಮಿ ಅಯ್ಯರ್ ಆಗ ಡೆಪ್ಯುಟಿ ಕಲೆಕ್ಟರ್. ರಾಮಾನುಜನ್ ಕೇಳಿದ್ದು ತಾಲೂಕು ಕಚೇರಿಯಲ್ಲಿ ಒಂದು ಗುಮಾಸ್ತಿಕೆ. ನೋಟ್‌ಬುಕ್ ತಿರುವಿ ನೋಡಿದ ಅಯ್ಯರ್ ಕೆಲಸ ಕೊಡಲಿಲ್ಲ. ಇಂಥವನನ್ನು ರೆವಿನ್ಯೂ ಇಲಾಖೆಯ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿದರೆ ಮುಗಿದೇ ಹೋಯಿತು ಅನ್ನಿಸಿ, ಮದ್ರಾಸಿನ ಗಣಿತ ಬಲ್ಲವರಿಗೆ ಚೀಟಿ ಬರೆದು ಕಳಿಸಿದರು.

ಆ ಚೀಟಿಗಳ ದಾರಿ ಹಿಡಿದು ಹೋದಾಗ ಸಿಕ್ಕಿದವರು ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾವ್. ಮೊದಲು ಅವರಿಗೂ ನಂಬಿಕೆ ಬರಲಿಲ್ಲ. ಎರಡು ಮೂರು ಭೇಟಿಯ ನಂತರ ನಂಬಿದರು. ತಮ್ಮ ಸ್ವಂತ ಜೇಬಿನಿಂದ ತಿಂಗಳಿಗೆ 25 ರೂಪಾಯಿ ಕಳಿಸತೊಡಗಿದರು. ರಾಮಾನುಜನ್‌ಗೆ ಸಿಕ್ಕ ಮೊದಲ ರಿಸರ್ಚ್ ಫಂಡಿಂಗ್ ಅಂದ್ರೆ ಇದೇ ಅನ್ನಬಹುದು. ಈ ಅವಧಿಯಲ್ಲೇ, 1911ರಲ್ಲಿ, ಗಣಿತ ಸಂಘದ ಪತ್ರಿಕೆಯಲ್ಲಿ ಬರ್ನೂಲಿ ಸಂಖ್ಯೆಗಳ ಮೇಲಿನ ಮೊದಲ ಪೇಪರ್ ಬಂತು. ಆ ಪತ್ರಿಕೆಯ ಸಂಪಾದಕರು ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಎಂ. ಟಿ. ನಾರಾಯಣ ಅಯ್ಯಂಗಾರ್. ರಾಮಾನುಜನ್ ಬರವಣಿಗೆ ಬೇರೆಯವರಿಗೆ ಅರ್ಥವಾಗೋ ಹಾಗೆ ಇರಲಿಲ್ಲ. ತಿದ್ದಿಸಿ, ವಾಪಸ್ ಕಳಿಸಿ, ಮತ್ತೆ ತಿದ್ದಿಸಿ ಅಚ್ಚಿಗೆ ತಂದರು.

ಆದರೆ ಒಬ್ಬರ ಔದಾರ್ಯದಲ್ಲಿ ಎಷ್ಟು ದಿನ ಬದುಕೋದು? ರಾಮಾನುಜನ್‌ಗೆ ಅದು ಮುಜುಗರವೇ ಆಗಿತ್ತು. 1912ರ ಮಾರ್ಚ್ 1ರಂದು ಮದ್ರಾಸ್ ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ವಿಭಾಗಕ್ಕೆ ಗುಮಾಸ್ತನಾಗಿ ಸೇರಿದರು. ಸಂಬಳ 30 ರೂಪಾಯಿ.

ಇಲ್ಲಿ ನಮ್ಮ ಜಾತಿಯವರು ಬರ್ತಾರೆ, ಅಂದ್ರೆ ಇಂಜಿನಿಯರ್‌ಗಳು! ಪೋರ್ಟ್ ಟ್ರಸ್ಟಿನ ಮುಖ್ಯಸ್ಥ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಇಂಜಿನಿಯರ್. ಇಂದು ಗಿಂಡಿಯಲ್ಲಿರುವ ಮದ್ರಾಸ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಆಗ ಸಿವಿಲ್ ಪಾಠ ಮಾಡುತ್ತಿದ್ದವರು ಸಿ. ಎಲ್. ಟಿ. ಗ್ರಿಫಿತ್. ಈ ಗುಮಾಸ್ತನ ಗಣಿತ ಎಷ್ಟು ತೂಕದ್ದು ಅಂತ ಅಳೆಯೋಕೆ ಗ್ರಿಫಿತ್‌ಗೂ ಆಗಲಿಲ್ಲ. ಆದರೆ ತಮಗೆ ಗೊತ್ತಿಲ್ಲ ಅಂತ ಕೈ ತೊಳೆದುಕೊಳ್ಳಲಿಲ್ಲ. ಲಂಡನ್ನಿನ ತಮ್ಮ ಹಳೆಯ ಗುರು ಎಂ. ಜೆ. ಎಂ. ಹಿಲ್‌ಗೆ ಪೇಪರ್ ಕಳಿಸಿದರು. ಹಿಲ್ ತಪ್ಪುಗಳನ್ನು ತೋರಿಸಿ, ಯಾವ ಪುಸ್ತಕ ಓದಬೇಕು ಅಂತಲೂ ಬರೆದರು. ಆಮೇಲೆ ಕೇಂಬ್ರಿಡ್ಜಿನ ಬೇಕರ್ ಮತ್ತು ಹಾಬ್ಸನ್‌ಗೆ ಬರೆದಿದ್ದು ಪ್ರಯೋಜನಕ್ಕೆ ಬರಲಿಲ್ಲ. ಮುಂದಿನ ಪತ್ರ, 1913ರ ಜನವರಿ 16ರದ್ದು, ಹಾರ್ಡಿಗೆ. ಉಳಿದಿದ್ದು ಎಲ್ಲರಿಗೂ ಗೊತ್ತು.

ಎಲ್ಲರಿಗೂ ಗೊತ್ತಿಲ್ಲದ್ದು ಮುಂದಿನ ಒಂದು ವರ್ಷದ ಕಥೆ. ಹಾರ್ಡಿ ಕೇಂಬ್ರಿಡ್ಜಿಗೆ ಬಾ ಅಂದ ಕೂಡಲೇ ರಾಮಾನುಜನ್ ಹೊರಡಲಿಲ್ಲ, ಸಮುದ್ರ ದಾಟೋದು ಮಡಿವಂತ ಮನೆಯಲ್ಲಿ ಸಣ್ಣ ವಿಷಯವಾಗಿರಲಿಲ್ಲ. ಆದರೆ ಹಾರ್ಡಿ ಉತ್ತರದಿಂದ ಮದ್ರಾಸಿನಲ್ಲಿ ಗಾಳಿ ಬದಲಾಯಿತು. ಹವಾಮಾನ ಇಲಾಖೆಯ ಮುಖ್ಯಸ್ಥ, ಗಣಿತಜ್ಞ ಗಿಲ್ಬರ್ಟ್ ವಾಕರ್ ಫೆಬ್ರವರಿಯಲ್ಲಿ ಪೋರ್ಟ್ ಟ್ರಸ್ಟಿಗೆ ಬಂದು ನೋಟ್‌ಬುಕ್ ನೋಡಿ, ವಿಶ್ವವಿದ್ಯಾಲಯಕ್ಕೆ ಶಿಫಾರಸು ಬರೆದರು. ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಡೋಣ ಅಂತ ಮಾತಾಯಿತು. ಆಗ ಎದ್ದಿತು ರೂಲ್ ಬುಕ್! ಈ ವೇತನಕ್ಕೆ ಎಂ.ಎ. ಆಗಿರಬೇಕು, ಇವರೋ ಎಫ್.ಎ. ಪರೀಕ್ಷೆಯನ್ನೇ ದಾಟಿಲ್ಲ. ಕೊನೆಗೆ, ಸಂಶೋಧನೆಗೆ ಉತ್ತೇಜನ ಕೊಡೋದು ವಿಶ್ವವಿದ್ಯಾಲಯ ಹುಟ್ಟಿದ ಉದ್ದೇಶಗಳಲ್ಲೇ ಒಂದು ಅನ್ನೋ ವಾದ ಗೆದ್ದಿತು. 1913ರ ಮೇ 1ರಿಂದ ಎರಡು ವರ್ಷಕ್ಕೆ ವೇತನ ಮಂಜೂರು, ಮೂರು ತಿಂಗಳಿಗೊಂದು ಪ್ರಗತಿ ವರದಿ ಕೊಡಬೇಕೆನ್ನೋ ಷರತ್ತಿನ ಮೇಲೆ.

1914ರ ಜನವರಿಯಲ್ಲಿ ಟ್ರಿನಿಟಿ ಕಾಲೇಜಿನ ಇ. ಎಚ್. ನೆವಿಲ್ ಉಪನ್ಯಾಸ ಕೊಡೋಕೆ ಮದ್ರಾಸಿಗೆ ಬಂದರು. ಅಷ್ಟರಲ್ಲಿ ನಾಮಗಿರಿ ದೇವಿ ತಾಯಿಯ ಕನಸಿನಲ್ಲಿ ಬಂದು ಒಪ್ಪಿಗೆ ಕೊಟ್ಟಿದ್ದಳಂತೆ, ರಾಮಾನುಜನ್ ತಯಾರಾಗಿದ್ದರು. ಈಗ ಉಳಿದಿದ್ದು ದುಡ್ಡಿನ ಪ್ರಶ್ನೆ. ನೆವಿಲ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು, ಸ್ಪ್ರಿಂಗ್ ಗವರ್ನರ್ ಕಚೇರಿಗೆ ಬರೆದರು. ಕೆಲವೇ ವಾರಗಳಲ್ಲಿ ವಿಶ್ವವಿದ್ಯಾಲಯ 10,000 ರೂಪಾಯಿ ತೆಗೆದಿಟ್ಟಿತು: ಎರಡು ವರ್ಷ, ವರ್ಷಕ್ಕೆ 250 ಪೌಂಡ್ ವೇತನ, ಮೇಲೆ ಹಡಗಿನ ಟಿಕೆಟ್ಟು, ಬಟ್ಟೆಬರೆಯ ಖರ್ಚು. ಪೌಂಡಿಗೆ 15 ರೂಪಾಯಿಯ ಆಗಿನ ಲೆಕ್ಕದಲ್ಲಿ, ಗುಮಾಸ್ತನ ಸಂಬಳದ ಹತ್ತು ಪಟ್ಟು. ಮಾರ್ಚ್ 17ರಂದು ಹಡಗು ಮದ್ರಾಸ್ ಬಿಟ್ಟಿತು. ಆ 250ರಲ್ಲಿ 50 ಪೌಂಡ್ ಕುಂಭಕೋಣಂ ಮನೆಗೆ ಹೋಗೋ ಹಾಗೆ ಏರ್ಪಾಡಾಗಿತ್ತು. ಆಮೇಲೆ ಟ್ರಿನಿಟಿ ಕಾಲೇಜೂ 60 ಪೌಂಡ್ ಸೇರಿಸಿತು.

ಕೇಂಬ್ರಿಡ್ಜಿನ ಐದು ವರ್ಷ ಬೇಗ ಹೇಳಿಬಿಡ್ತೀನಿ. ಮಹಾಯುದ್ಧ, ಚಳಿ, ಸರಿಯಾಗಿ ಸಿಗದ ಸಸ್ಯಾಹಾರ, ಒಂಟಿತನ. 1916ರಲ್ಲಿ ಸಂಶೋಧನೆಯಿಂದಲೇ ಬಿ.ಎ. ಪದವಿ. 1917ರಿಂದ ಆಸ್ಪತ್ರೆ. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ, ಆಮೇಲೆ ಟ್ರಿನಿಟಿಯ ಫೆಲೋ. ಈಗ ಮದ್ರಾಸ್ ವಿಶ್ವವಿದ್ಯಾಲಯ ತಾನಾಗಿಯೇ ಮುಂದೆ ಬಂದು, ಊರಿಗೆ ಮರಳಿದ ಮೇಲೂ ಐದು ವರ್ಷ, ವರ್ಷಕ್ಕೆ 250 ಪೌಂಡ್ ಕೊಡುವುದಾಗಿ ಹೇಳಿತು.

1919ರ ಜನವರಿ 11ರಂದು ರಾಮಾನುಜನ್ ರಿಜಿಸ್ಟ್ರಾರ್‌ಗೆ ಉತ್ತರ ಬರೆದರು. ನನ್ನ ಪ್ರಕಾರ ಹಾರ್ಡಿಗೆ ಬರೆದ ಪತ್ರಕ್ಕಿಂತ ಇದು ದೊಡ್ಡದು. ಮೊದಲು ಧನ್ಯವಾದ. ಆಮೇಲೆ, ಇಷ್ಟು ದುಡ್ಡು ತಮಗೆ ಬೇಕಾದ್ದಕ್ಕಿಂತ ಜಾಸ್ತಿಯಾಯಿತು ಅನ್ನೋ ಮಾತು. ಅಪ್ಪ ಅಮ್ಮನಿಗೆ ವರ್ಷಕ್ಕೆ 50 ಪೌಂಡ್ ಹೋಗಲಿ, ತಮ್ಮ ಅಗತ್ಯದ ಖರ್ಚು ಕಳೆದು ಮಿಕ್ಕಿದ್ದು ಬಡ ಮಕ್ಕಳ, ಅನಾಥರ ಶಾಲಾ ಫೀಸಿಗೆ, ಪುಸ್ತಕಕ್ಕೆ ಹೋಗಲಿ, ಊರಿಗೆ ಬಂದ ಮೇಲೆ ಏರ್ಪಾಡು ಮಾಡಬಹುದು ಅಂತ ಕೇಳಿಕೊಂಡರು. ಫೀಸು ಕಟ್ಟಲಾಗದೆ ಮನೆ ಬಿಟ್ಟು ಓಡಿಹೋದ ಹುಡುಗ ಹದಿಮೂರು ವರ್ಷದ ನಂತರವೂ ಅದನ್ನು ಮರೆತಿರಲಿಲ್ಲ.

ಮಾರ್ಚ್ ಕೊನೆಗೆ ಮುಂಬೈಗೆ ಬಂದಿಳಿದರು. ಸಿಕ್ಕಿದ್ದು ಒಂದೇ ವರ್ಷ, ಅದೂ ಕಾಯಿಲೆಯಲ್ಲೇ. ಹಾಸಿಗೆಯಲ್ಲೇ ಮಾಕ್ ಥೀಟಾ ಫಂಕ್ಷನ್‌ಗಳ ಮೇಲೆ ಕೆಲಸ ಮಾಡುತ್ತಾ 1920ರ ಏಪ್ರಿಲ್ 26ರಂದು ತೀರಿಕೊಂಡರು. ವಯಸ್ಸು 32. ಜಾನಕಿಯಮ್ಮ ವಿಶ್ವವಿದ್ಯಾಲಯ ಕೊಟ್ಟ ಸಣ್ಣ ಪಿಂಚಣಿ ಮತ್ತು ಹೊಲಿಗೆಯ ಸಂಪಾದನೆಯಲ್ಲಿ ಬದುಕಿ, 1994ರವರೆಗೂ ಇದ್ದರು.

ಈ ಕಥೆಯಲ್ಲಿ ಖುಷಿಯ ಜೊತೆಗೆ ಒಂದು ಭಯವೂ ಇದೆ. ರಾಮಸ್ವಾಮಿ ಅಯ್ಯರ್ ನೋಟ್‌ಬುಕ್ ತಿರುವದೇ ಗುಮಾಸ್ತಿಕೆ ಕೊಟ್ಟಿದ್ದರೆ? ರಾಮಚಂದ್ರ ರಾವ್ ಮೊದಲ ಭೇಟಿಗೇ ಕೈಬಿಟ್ಟಿದ್ದರೆ? ಸಿಂಡಿಕೇಟು ರೂಲ್ ಬುಕ್ಕನ್ನೇ ಹಿಡಿದುಕೊಂಡಿದ್ದರೆ? ಒಂದು ಕೊಂಡಿ ಕಳಚಿದ್ದರೂ ಮದ್ರಾಸಿನ ಹಳೇ ಕಡತಗಳಲ್ಲಿ ಒಬ್ಬ ಒಳ್ಳೆ ಲೆಕ್ಕದ ಗುಮಾಸ್ತನ ಸಹಿ ಮಾತ್ರ ಉಳಿಯುತ್ತಿತ್ತು. ಓದಿದ ಮೇಲ್ಜಾತಿಯವರ ಪರಿಚಯದ ಜಾಲ ರಾಮಾನುಜನ್‌ಗೆ ಕೈಗೆಟುಕಿತ್ತು, ಅದು ಎಲ್ಲರಿಗೂ ಸಿಗುವಂಥದ್ದಾಗಿರಲಿಲ್ಲ. ಅದೇ 1913ರಲ್ಲಿ ಅಂಬೇಡ್ಕರ್ ಕೊಲಂಬಿಯಾಕ್ಕೆ ಹೋಗಿದ್ದು ಬರೋಡಾ ಸಂಸ್ಥಾನದ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವೇತನದಲ್ಲಿ, ಮರಳಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವ ಕರಾರಿಗೆ ಸಹಿ ಹಾಕಿ. ಅವರಿಬ್ಬರಿಗೆ ಕೊಂಡಿ ಸಿಕ್ಕಿತು. ಸಿಗದವರ ಹೆಸರು ನಮಗೆ ಗೊತ್ತಾಗೋದು ಹೇಗೆ?

ಅದಕ್ಕೇ ಗೆಳೆಯರೇ, ಅಪ್ಲೈ ಮಾಡೋರು ಮೂರನೇ ಪತ್ರಕ್ಕೆ ಉತ್ತರ ಬರಲಿಲ್ಲ ಅಂತ ನಾಲ್ಕನೆಯದನ್ನು ನಿಲ್ಲಿಸಬೇಡಿ. ಸೀಟು, ಫಂಡಿಂಗ್ ಸಿಕ್ಕಿ ಹೋಗೋರು, ಮುಂದಿನ ವರ್ಷ ಜೂನಿಯರ್ ಒಬ್ಬ ತನ್ನ ಎಸ್‌ಒಪಿ ಓದಿ ಅಂತ ಮೆಸೇಜ್ ಹಾಕಿದಾಗ ಸೀನ್ ಮಾಡಿ ಸುಮ್ಮನಿರಬೇಡಿ. ಗ್ರಿಫಿತ್‌ಗೆ ಆ ಗಣಿತ ಪೂರ್ತಿ ಅರ್ಥವಾಗಿರಲಿಲ್ಲ. ಆದರೂ ಒಂದು ಪತ್ರ ಬರೆದರು.