ಮಕ್ಕಳ ಗುರುಮಾತೆ ಮರಿಯಾ ಮಾಂಟೆಸ್ಸರಿ

ನಮ್ಮ ಅರೆಕೆರೆಯ ಆಸುಪಾಸಿನಲ್ಲಿ ಮಾಂಟೆಸ್ಸರಿ ಎಂಬ ಫಲಕವನ್ನು ಕಾಣದವರು ವಿರಳ. ಶಿಶುವಿಹಾರಕ್ಕೆ ಅದು ಮತ್ತೊಂದು ಹೆಸರೆಂದೇ ಅನೇಕರ ಭಾವನೆ. ಅದು ಕಥೋಲಿಕ ಮಹಿಳೆಯೊಬ್ಬರ ಹೆಸರೆಂಬುದೂ, ಆರರಿಂದ ಹನ್ನೆರಡರ ವಯಸ್ಸಿನ ಮಕ್ಕಳಿಗಾಗಿ ಅವರು ರೂಪಿಸಿದ ಶಿಕ್ಷಣಕ್ರಮದ ಬಹುಭಾಗ ಪಕ್ವವಾದದ್ದು ನೆರೆನಾಡಿನ ಕೊಡೈಕೆನಾಲ್ ಬೆಟ್ಟದಲ್ಲಿ ಎಂಬುದೂ ಭಕ್ತಾದಿಗಳಲ್ಲಿ ಕೆಲವರಿಗಷ್ಟೇ ತಿಳಿದಿರಬಹುದು.

ಮರಿಯಾ ಮಾಂಟೆಸ್ಸರಿಯವರು 1870ರ ಆಗಸ್ಟ್ 31ರಂದು ಇಟಲಿಯ ಕಿಯಾರವಾಲ್ಲೆ ಎಂಬ ಊರಿನಲ್ಲಿ ಜನಿಸಿದರು. ಹೆಣ್ಣುಮಕ್ಕಳಿಗೆ ವೈದ್ಯವಿದ್ಯೆ ದುರ್ಲಭವಾಗಿದ್ದ ಕಾಲದಲ್ಲಿ, 1896ರಲ್ಲಿ, ರೋಮ್ ವಿಶ್ವವಿದ್ಯಾಲಯದಿಂದ ವೈದ್ಯಪದವಿ ಪಡೆದರು. ಬುದ್ಧಿಮಾಂದ್ಯರೆಂದು ಸಮಾಜ ಕೈಬಿಟ್ಟಿದ್ದ ಮಕ್ಕಳ ಸೇವೆಯೇ ಅವರನ್ನು ಶಿಕ್ಷಣದತ್ತ ತಿರುಗಿಸಿತು. 1907ರ ಜನವರಿ 6ರಂದು, ಜ್ಞಾನಿಗಳು ಬಾಲಯೇಸುವನ್ನು ಆರಾಧಿಸಿದ ಹಬ್ಬದ ದಿನವೇ, ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರ ಮೊದಲ ಮಕ್ಕಳ ಮನೆ ತೆರೆಯಿತು. ಅವರ ಹೆಸರಿನ ಶಾಲೆಗಳು ಇಂದು ಬಡವರ ಕೈಗೆ ಎಟುಕದಂತಾಗಿರುವುದು ವಿಷಾದದ ಸಂಗತಿ.

ಆಕೆಯ ಬಾಳಿನಲ್ಲಿ ಒಂದು ನೋವೂ ಇತ್ತು. ವಿವಾಹಬಂಧನದ ಹೊರಗೆ 1898ರಲ್ಲಿ ಹುಟ್ಟಿದ ಮಗ ಮಾರಿಯೋನನ್ನು ಲೋಕದ ಅಪವಾದಕ್ಕೆ ಅಂಜಿ ಹಳ್ಳಿಯ ಕುಟುಂಬವೊಂದರಲ್ಲಿ ಬೆಳೆಸಬೇಕಾಯಿತು. ಜಗತ್ತಿನ ಮಕ್ಕಳ ಮನಸ್ಸನ್ನು ಅರಿಯಲು ಹೊರಟ ತಾಯಿಗೆ ತನ್ನ ಕೂಸನ್ನು ಬಳಿಯಲ್ಲಿಟ್ಟುಕೊಳ್ಳುವ ಭಾಗ್ಯ ವರ್ಷಗಟ್ಟಲೆ ಇರಲಿಲ್ಲ. ಇದನ್ನು ಮರೆಮಾಚಿ ಚರಿತ್ರೆ ಬರೆಯುವುದು ಸಲ್ಲದು. ಹದಿಹರೆಯದಲ್ಲಿ ಮಾರಿಯೋ ತಾಯಿಯನ್ನು ಸೇರಿದರು. ಮುಂದೆ ಅವರ ಕಾರ್ಯಕ್ಕೆ ಬಲಗೈಯಾದರು.

ಬಾರ್ಸಿಲೋನಾದಲ್ಲಿ ಮಕ್ಕಳಿಗಾಗಿ ಪುಟ್ಟ ಪೀಠಗಳುಳ್ಳ ಪ್ರಾರ್ಥನಾಲಯವೊಂದು ಸಿದ್ಧವಾಯಿತು. ಅಲ್ಲಿನ ಮಕ್ಕಳು ಗೋಧಿಯನ್ನೂ ದ್ರಾಕ್ಷಿಯನ್ನೂ ತಾವೇ ಬೆಳೆದರು. ಬಲಿಪೂಜೆಯ ರೊಟ್ಟಿ ಮತ್ತು ದ್ರಾಕ್ಷಾರಸ ಎಲ್ಲಿಂದ ಬರುತ್ತವೆಂಬುದನ್ನು ಮಣ್ಣು ಮುಟ್ಟಿ ಕಲಿತರು.

1939ರಲ್ಲಿ ಥಿಯಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ತಾಯಿ ಮತ್ತು ಮಗ ಮದರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿಯಿತು. ಶತ್ರುದೇಶದ ಪ್ರಜೆಯೆಂದು ಮಾರಿಯೋ ಬಂಧಿತರಾದರು. ತಾಯಿಯ ಸಂಚಾರಕ್ಕೂ ನಿರ್ಬಂಧ ಬಿತ್ತು. ಆಕೆಯ 70ನೆಯ ಹುಟ್ಟುಹಬ್ಬದಂದು ವೈಸರಾಯರು ಮಗನನ್ನು ಬಿಡುಗಡೆ ಮಾಡಿದರು. 1942ರಿಂದ ಸುಮಾರು ಎರಡು ವರ್ಷ ಅವರು ಕೊಡೈಕೆನಾಲಿನಲ್ಲಿ ನೆಲೆಸಿದರು. ಹೊರಗೆ ಲೋಕವೇ ಉರಿಯುತ್ತಿದ್ದಾಗ, ಆ ತಂಪು ಬೆಟ್ಟದಲ್ಲಿ ನಾನಾ ವಯಸ್ಸಿನ ಮಕ್ಕಳೊಡನೆ ಗಿಡ, ಎಲೆ, ಕೀಟಗಳನ್ನು ನೋಡುತ್ತ ಅವರ ವಿಶ್ವಶಿಕ್ಷಣದ ಕಲ್ಪನೆ ಬೆಳೆಯಿತು.

ಎಳೆಯ ಕೂಸು ಇದೇನು ಎಂದು ಕೇಳಿದರೆ, ಆರು ದಾಟಿದ ಮಗು ಇದೇಕೆ ಎಂದು ಕೇಳುತ್ತದೆಂಬುದು ಅವರ ಅನುಭವ. ಆದುದರಿಂದ ಈ ಮಕ್ಕಳಿಗೆ ಮೊದಲು ವಿಶ್ವದ, ಜೀವರಾಶಿಯ, ಮಾನವನ, ಅಕ್ಷರದ, ಅಂಕಿಯ ಮಹಾಕಥೆಗಳನ್ನು ಹೇಳಬೇಕು. ಕುತೂಹಲ ಕೆರಳಿದ ಮೇಲೆ ಪ್ರತಿಯೊಂದು ಮಗು ತನ್ನ ಕೆಲಸವನ್ನು ಆರಿಸಿಕೊಂಡು ತನ್ನ ವೇಗದಲ್ಲಿ ಸಾಗುತ್ತದೆ. ಗಣಿತದಲ್ಲಿ ಮುಂದಿರುವವನು ವ್ಯಾಕರಣದಲ್ಲಿ ಹಿಂದಿದ್ದರೆ ಅವಮಾನವಿಲ್ಲ. ಮೂರು ವಯಸ್ಸಿನವರು ಒಂದೇ ಕೊಠಡಿಯಲ್ಲಿರುವುದರಿಂದ ಹಿರಿಯವನು ಕಿರಿಯವನಿಗೆ ನೆರವಾಗುತ್ತಾನೆ. ಜಗಳವಾದರೆ ನ್ಯಾಯವನ್ನೂ ಅವರೇ ವಿಚಾರಿಸುತ್ತಾರೆ. ಸ್ವಾತಂತ್ರ್ಯವೆಂದರೆ ಇಷ್ಟಬಂದಂತೆ ಕಾಲಹರಣವಲ್ಲ. ಮಾಡಿದ ಕೆಲಸಕ್ಕೆ ಮಗು ಲೆಕ್ಕ ಒಪ್ಪಿಸಬೇಕು.

ಹೊರಸಂಚಾರವೂ ಪಾಠವೇ. ಅರೆಕೆರೆಯ ಹತ್ತು ವರ್ಷದ ನಾಲ್ವರು ಬನ್ನೇರುಘಟ್ಟದ ಪ್ರಾಣಿಗಳನ್ನು ನೋಡಬಯಸಿದರೆನ್ನೋಣ. ಬಸ್ಸಿನ ವೇಳೆ ವಿಚಾರಿಸುವುದು, ಖರ್ಚು ಕೂಡಿಸುವುದು, ಅನುಮತಿಪತ್ರ ಬರೆಯುವುದು, ಬುತ್ತಿ ಕಟ್ಟುವುದು, ಅಪರಿಚಿತರೊಡನೆ ವಿನಯದಿಂದ ಮಾತಾಡುವುದು, ಎಲ್ಲವೂ ಅವರ ಹೊಣೆ. ದೊಡ್ಡವರೊಬ್ಬರು ಜೊತೆಗಿದ್ದರೆ ಸಾಕು. ಮಕ್ಕಳನ್ನು ಶಿಶುವಿಹಾರದವರೆಗೆ ಈ ಪದ್ಧತಿಯಲ್ಲಿಟ್ಟು, ಒಂದನೆಯ ತರಗತಿ ಬಂದೊಡನೆ ಅಂಕಗಳ ಓಟಕ್ಕೆ ಹಚ್ಚುವ ತಂದೆತಾಯಿಗಳ ಆತಂಕ ಅರ್ಥವಾಗುವಂತಹುದೇ. ಆದರೆ ಮಾಂಟೆಸ್ಸರಿಯವರ ದೃಷ್ಟಿಯಲ್ಲಿ ಅದು ಅರ್ಧದಾರಿಯಲ್ಲಿ ಇಳಿದಂತೆ.

1946ರಲ್ಲಿ ಯೂರೋಪಿಗೆ ಹಿಂದಿರುಗಿದ ಅವರು ಮರುವರ್ಷವೇ ಮತ್ತೆ ಭಾರತಕ್ಕೆ ಬಂದು, 1949ರಲ್ಲಿ ಕೊನೆಯದಾಗಿ ಬೀಳ್ಕೊಂಡರು. 1952ರ ಮೇ 6ರಂದು, 81ರ ವಯಸ್ಸಿನಲ್ಲಿ, ಹಾಲೆಂಡಿನ ನೋರ್ಡ್‌ವೈಕ್ ಎಂಬ ಕಡಲತೀರದ ಊರಿನಲ್ಲಿ ಅವರು ದೈವಾಧೀನರಾದರು. ಅಲ್ಲಿನ ಕಥೋಲಿಕ ಸಮಾಧಿಭೂಮಿಯಲ್ಲಿ ಅವರನ್ನು ಮಣ್ಣುಮಾಡಲಾಯಿತು.