ರುಡಾಲ್ಫ್ ಡೀಸೆಲ್

ಭಾರಿ ಲಾರಿಗಳ ಎಂಜಿನ್ನಿಗೆ ತನ್ನ ಹೆಸರನ್ನಿತ್ತ ರುಡಾಲ್ಫ್ ಡೀಸೆಲನು ೧೮೫೮ರಲ್ಲಿ ಪ್ಯಾರಿಸಿನ ಜರ್ಮನ್ ಕುಟುಂಬವೊಂದರಲ್ಲಿ ಜನಿಸಿದನು. ೧೮೭೦ರ ಯುದ್ಧದಿಂದ ನೆಲೆ ತಪ್ಪಿದ ಆ ಬಾಲಕನು ಆಗ್ಸ್‌ಬರ್ಗಿನ ಬಂಧುಗಳ ಆಶ್ರಯದಲ್ಲಿ ಕಲಿತನು. ಉಗಿಯಂತ್ರವು ಇಂಧನದ ಶಾಖದಲ್ಲಿ ಸುಮಾರು ಹತ್ತರಲ್ಲೊಂದು ಪಾಲನ್ನು ಮಾತ್ರ ದುಡಿಮೆಗೆ ತರುವುದೆಂದು ಮ್ಯೂನಿಕ್ಕಿನಲ್ಲಿ ಗುರು ಲಿಂಡೆಯಿಂದ ಅರಿತಂದಿನಿಂದ, ಆ ನಷ್ಟವನ್ನು ತಗ್ಗಿಸುವುದೇ ಅವನ ಹಂಬಲವಾಯಿತು. ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಕಾವಿನಿಂದಲೇ, ಕಿಡಿಯ ನೆರವಿಲ್ಲದೆ, ಇಂಧನವು ಹೊತ್ತಿಕೊಳ್ಳಬೇಕೆಂದು ಯೋಜಿಸಿದನು. ೧೮೯೩ರ ಮೊದಲ ಪರೀಕ್ಷೆಯಲ್ಲಿ ಸ್ಫೋಟವಾಗಿ ಮಾಪಕವು ಸಿಡಿಯಿತು. ಎದೆಗುಂದದೆ ನಾಲ್ಕು ವರ್ಷ ಯಂತ್ರವನ್ನು ಬಿಚ್ಚಿ, ತಿದ್ದಿ, ಮತ್ತೆ ಜೋಡಿಸಿದನು. ೧೮೯೭ರಲ್ಲಿ ಅದು ಶಾಖದ ಕಾಲುಭಾಗವನ್ನು ಮೀರಿ ದುಡಿಮೆಗೆ ತಂದಿತು. ಕೀರ್ತಿ ಬಂದಿತು; ಹಣ ನಿಲ್ಲಲಿಲ್ಲ. ೧೯೧೩ರ ಸೆಪ್ಟೆಂಬರ್ ೨೯ರ ರಾತ್ರಿ, ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಆತನು ಕಣ್ಮರೆಯಾದನು. ೧೯೨೪ರ ಹೊತ್ತಿಗೆ ಬೀದಿಗಿಳಿದ ಡೀಸೆಲ್ ಲಾರಿಗಳನ್ನು ಅವನು ಕಾಣಲಿಲ್ಲ. ಸವೆದ ಎಂಜಿನ್ನನ್ನು ಬಿಚ್ಚಿ ಜೋಡಿಸುವ ಪ್ರತಿಯೊಬ್ಬ ಮೇಸ್ತ್ರಿಯೂ ಅವನ ತಾಳ್ಮೆಯನ್ನೇ ಮುಂದುವರಿಸುತ್ತಿರುವನು.