ಲೀ ನದಿಯ ದಂಡೆಯ ವಾಲ್ಟನ್

ಇಂಗ್ಲೆಂಡಿನಲ್ಲಿ ಗಾಳ ಹಾಕುವವರು ಮೀನುಗಳಲ್ಲಿಯೂ ಜಾತಿಭೇದವನ್ನು ಕಲ್ಪಿಸಿಕೊಂಡಿದ್ದಾರೆ. ಸಾಮನ್, ಟ್ರೌಟ್ ಇವು ಕುಲೀನ ಮೀನುಗಳು. ಗರಿ ರೇಷ್ಮೆಗಳಿಂದ ಕಟ್ಟಿದ ಕೃತಕ ನೊಣವನ್ನು ತೋರಿಸಿ ಇವುಗಳನ್ನು ಹಿಡಿಯುವುದೇ ಗೌರವವೆಂದು ಬಹು ಜನರ ಭಾವನೆ. ಸಿಹಿನೀರಿನ ಉಳಿದ ಮೀನುಗಳೆಲ್ಲ ಒರಟು ಮೀನುಗಳು: ಚಬ್, ರೋಚ್, ಬ್ರೀಮ್, ಟೆಂಚ್, ಬಾರ್ಬೆಲ್, ಕಾರ್ಪ್, ಪೈಕ್, ಪರ್ಚ್. ಇವುಗಳಲ್ಲಿ ಕೊನೆಯ ಎರಡನ್ನು ಬಿಟ್ಟರೆ ಮಿಕ್ಕವು ನಮ್ಮ ಕಾಟ್ಲಾ, ರೋಹು, ಕಾವೇರಿಯ ಮಹಸೀರ್‌ಗಳ ಬಳಗಕ್ಕೇ ಸೇರಿದವು. ಎರೆಹುಳುವೊಂದು, ಬೆಂಡೊಂದು, ಹಿಟ್ಟಿನ ಉಂಡೆಯೊಂದು ಇದ್ದರೆ ಸಾಕು, ಬಡವನೂ ಅವುಗಳ ಬೆನ್ನು ಹತ್ತಬಹುದು. ಒರಟು ಮೀನು ಎಂಬ ಹೆಸರು ಈಚಿನದು. ಆದರೆ ಆ ಮೀನುಗಳಿಗಾಗಿ ನಾಲ್ಕು ದಿನ ಊರು ಬಿಟ್ಟು ಹೊಳೆಯ ದಂಡೆಯಲ್ಲಿ ಕಳೆಯುವುದು ಹೇಗೆಂದು ಜಗತ್ತಿಗೆ ಕಲಿಸಿದವನು ಹದಿನೇಳನೆಯ ಶತಮಾನದ ಐಸಾಕ್ ವಾಲ್ಟನ್. 1653ರಲ್ಲಿ ಪ್ರಕಟವಾದ ಅವನ ‘ದಿ ಕಂಪ್ಲೀಟ್ ಆಂಗ್ಲರ್’ ಮೀನು ಹಿಡಿಯುವ ಕೈಪಿಡಿಯೆಂಬುದೇನೋ ನಿಜ. ಗಾಳವನ್ನು ಎಂದೂ ಕೈಯಲ್ಲಿ ಹಿಡಿಯದ ನಾನು ಅದನ್ನು ಮತ್ತೆ ಮತ್ತೆ ಓದುವುದು ಮೀನಿಗಾಗಿ ಅಲ್ಲ. ಎಂತಹ ಮನುಷ್ಯನು ಎಂತಹ ಕಾಲದಲ್ಲಿ ಅದನ್ನು ಬರೆದನೆಂಬುದನ್ನು ತಿಳಿದ ಮೇಲೆ ಆ ಪುಟಗಳ ಬೆಳಕೇ ಬೇರೆಯಾಗಿ ಕಾಣುತ್ತದೆ.

ವಾಲ್ಟನ್ನನು ಹುಟ್ಟಿದ್ದು 1593ರಲ್ಲಿ, ಸ್ಟಾಫರ್ಡ್ ಪಟ್ಟಣದಲ್ಲಿ. ತಂದೆ ಪಾನಗೃಹವನ್ನು ನಡೆಸುತ್ತಿದ್ದವನು. ಮಗನಿಗೆ ಐದು ತುಂಬುವ ಮೊದಲೇ ತೀರಿಕೊಂಡನು. ಹುಡುಗನು ಲಂಡನ್ನಿಗೆ ಹೋಗಿ ಬಟ್ಟೆಯ ವ್ಯಾಪಾರಿಯೊಬ್ಬನಲ್ಲಿ ಕೆಲಸ ಕಲಿತನು. 1618ರಲ್ಲಿ ಕಬ್ಬಿಣದ ವರ್ತಕರ ಸಂಘದ ಸದಸ್ಯನಾದನು. ಬಟ್ಟೆ ಮಾರುವವನಿಗೆ ಕಬ್ಬಿಣದ ಸಂಘವೇಕೆಂದು ಕೇಳಬೇಕಾಗಿಲ್ಲ, ಅಂದಿನ ಲಂಡನ್ನಿನ ವರ್ತಕ ಸಂಘಗಳ ಹೆಸರೇ ಬೇರೆ, ಸದಸ್ಯರ ಕಸುಬೇ ಬೇರೆ. ಮುಂದೆ ಫ್ಲೀಟ್ ಬೀದಿಯಲ್ಲಿ ಸ್ವಂತ ಅಂಗಡಿಯಾಯಿತು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಹತ್ತದ ಈ ಜವಳಿ ವ್ಯಾಪಾರಿಗೆ ವಿದ್ವಾಂಸರ ಸ್ನೇಹ ಒದಗಿದ್ದು ನೆರೆಯ ಸೇಂಟ್ ಡನ್‌ಸ್ಟನ್ ಚರ್ಚಿನಿಂದ. 1624ರಿಂದ ಅಲ್ಲಿ ಪಾದ್ರಿಯಾಗಿದ್ದವನು ಕವಿ ಜಾನ್ ಡನ್. ಡನ್ನನ ಚರಿತ್ರೆಯನ್ನು ಬರೆಯಬೇಕಾಗಿದ್ದವನು ಈಟನ್ ವಿದ್ಯಾಲಯದ ಮುಖ್ಯಸ್ಥನಾದ ಸರ್ ಹೆನ್ರಿ ವಾಟನ್; ಅವನೂ ಗಾಳದ ಪ್ರಿಯನೇ, ವಾಲ್ಟನ್ನನ ಜೊತೆಗಾರನೇ. ಅವನಿಗಾಗಿ ವಾಲ್ಟನ್ನನು ಸಾಮಗ್ರಿಯನ್ನು ಕೂಡಿಸುತ್ತಿರುವಾಗಲೇ 1639ರಲ್ಲಿ ವಾಟನ್ ತೀರಿಕೊಂಡನು. ಹೀಗೆ 1640ರಲ್ಲಿ ಡನ್ನನ ಚರಿತ್ರೆ ವಾಲ್ಟನ್ನನ ಲೇಖನಿಯಿಂದಲೇ ಹೊರಬಂದಿತು. ಮುಂದೆ ಅವನು ವಾಟನ್, ಹೂಕರ್, ಹರ್ಬರ್ಟ್, ಸ್ಯಾಂಡರ್‌ಸನ್ ಇವರ ಜೀವನಗಳನ್ನೂ ಬರೆದನು. ವಿದ್ಯಾರ್ಥಿಗಳು ಅವನ ಹೆಸರನ್ನು ಕೇಳುವುದು ಸಾಮಾನ್ಯವಾಗಿ ಈ ಚರಿತ್ರೆಗಳ ಮೂಲಕವೇ.

ಆದರೆ ಆ 1640 ಅವನ ಮನೆಯಲ್ಲಿ ಸಾವಿನ ವರ್ಷ. 1626ರಲ್ಲಿ ಕೈಹಿಡಿದ ರೇಚಲ್ ಆ ವರ್ಷ ಗತಿಸಿದಳು. ಅವಳು ಹೆತ್ತ ಏಳು ಮಕ್ಕಳಲ್ಲಿ ಒಂದಾದರೂ ಬಾಲ್ಯವನ್ನು ದಾಟಲಿಲ್ಲ. ಎರಡು ವರ್ಷಗಳಲ್ಲಿ ದೇಶದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅವನು ಪ್ರೀತಿಸಿದ ಚರ್ಚಿನ ಪ್ರಾರ್ಥನಾಗ್ರಂಥಕ್ಕೆ ನಿಷೇಧ ಬಂದಿತು, ಮಿತ್ರರಾದ ಪಾದ್ರಿಗಳು ಸ್ಥಾನ ಕಳೆದುಕೊಂಡರು, 1649ರಲ್ಲಿ ದೊರೆಯ ತಲೆ ಉರುಳಿತು. 1651ರಲ್ಲಿ ವುರ್ಸ್ಟರ್ ಯುದ್ಧದಲ್ಲಿ ಸೋತು ಓಡಿದ ಎರಡನೆಯ ಚಾರ್ಲ್ಸನ ರಾಜಚಿಹ್ನೆಯ ಒಡವೆಯೊಂದು ಸ್ಟಾಫರ್ಡ್ ಸೀಮೆಯ ಒಂದು ಮನೆಯಲ್ಲಿ ಅಡಗಿತ್ತು. ಅದನ್ನು ಕದ್ದು ಲಂಡನ್ನಿಗೆ ತಂದು, ಟವರ್ ಸೆರೆಮನೆಯಲ್ಲಿದ್ದ ಕರ್ನಲ್ ಬ್ಲೇಗನಿಗೆ ಮುಟ್ಟಿಸಿದವನು ಐವತ್ತೆಂಟು ವರ್ಷದ ನಮ್ಮ ವಾಲ್ಟನ್! ಸಿಕ್ಕಿಬಿದ್ದಿದ್ದರೆ ಗತಿಯೇನಾಗುತ್ತಿತ್ತೆಂದು ಹೇಳಬೇಕಾಗಿಲ್ಲ. ಇದಾದ ಎರಡೇ ವರ್ಷಕ್ಕೆ, ಕ್ರಾಮ್‌ವೆಲ್ಲನು ದೇಶದ ಒಡೆಯನಾದ ವರ್ಷದಲ್ಲಿಯೇ, ಹೊಳೆಯ ದಂಡೆಯ ಆ ಪುಸ್ತಕ ಬಂದಿತು.

ಅದರಲ್ಲಿ ಯುದ್ಧದ ಗದ್ದಲವಿಲ್ಲ, ಸೋತವರ ನಿಟ್ಟುಸಿರೂ ಇಲ್ಲವೆನ್ನುವಷ್ಟು ಅಪರೂಪ. ಮೇ ತಿಂಗಳ ಒಂದು ಬೆಳಗ್ಗೆ ಲಂಡನ್ನಿನ ಉತ್ತರಕ್ಕಿರುವ ಟಾಟೆನ್‌ಹ್ಯಾಮ್ ದಿಬ್ಬದಲ್ಲಿ ಗಾಳದವನೂ ಬೇಟೆಗಾರನೂ ಕೂಡಿಕೊಂಡು ಲೀ ನದಿಯ ಬಯಲಿನಲ್ಲಿ ವೇರ್ ಪಟ್ಟಣದ ಕಡೆಗೆ ನಡೆಯುತ್ತಾರೆ. ಎಲ್ಲಿ ಪಾನೀಯಕ್ಕೆ ನಿಲ್ಲಬೇಕು, ಯಾವ ಮರದಡಿ ಬುತ್ತಿ ಬಿಚ್ಚಬೇಕು, ರಾತ್ರಿ ಲ್ಯಾವೆಂಡರ್ ಸುವಾಸನೆಯ ಹಾಸಿಗೆಯಿರುವ ಮನೆ ಯಾವುದು, ಎಲ್ಲವೂ ಗಾಳದವನಿಗೆ ಮೊದಲೇ ಗೊತ್ತು. ಮಳೆ ಬಂದರೆ ಬೇಲಿಯ ಕೆಳಗೆ ಕುಳಿತು ಮಾತು. ಐದನೆಯ ದಿನ ಟಾಟೆನ್‌ಹ್ಯಾಮಿಗೆ ಮರಳಿದಾಗ ಬೇಟೆಗಾರನು ಶಿಷ್ಯನಾಗಿರುತ್ತಾನೆ.

ಅವನಿಗೆ ಮೊದಲ ಪಾಠ ಚಬ್ ಮೀನಿನಿಂದ. ಎಲ್ಲರೂ ತಾತ್ಸಾರ ಮಾಡುವ ಮುಳ್ಳಿನ ಮೀನು ಅದು. ಮರದ ನೆರಳಿನ ನೀರಿನಲ್ಲಿ ತೇಲುತ್ತಿರುವ ಇಪ್ಪತ್ತರಲ್ಲಿ ಬಾಲದ ಮೇಲೆ ಬಿಳಿಯ ಮಚ್ಚೆಯುಳ್ಳ ಒಂದನ್ನು ಗುರುವು ಮೊದಲೇ ಆರಿಸಿ, ಮಿಡತೆಯನ್ನು ಗಾಳಕ್ಕೆ ಸಿಕ್ಕಿಸಿ, ಅದನ್ನೇ ಎತ್ತಿ ತೋರಿಸುತ್ತಾನೆ. ಬಳಿಕ ಅಡುಗೆ: ಹಿಡಿದ ದಿನವೇ ಬೇಯಿಸಬೇಕು, ಗಂಟಲಿನ ಹುಲ್ಲುಪಾಚಿಯನ್ನು ಚೆನ್ನಾಗಿ ತೊಳೆಯಬೇಕು, ಹೊಟ್ಟೆಯಲ್ಲಿ ಸುವಾಸನೆಯ ಸೊಪ್ಪುಗಳನ್ನಿಡಬೇಕು. ಕೀಳೆಂದು ಬಿಟ್ಟದ್ದನ್ನು ಹಸನು ಮಾಡಿ ಉಣ್ಣುವ ಈ ಅಕ್ಕರೆ ವಾಲ್ಟನ್ನನ ಸ್ವಂತ ಗುಣವೆಂದು ನನ್ನ ಎಣಿಕೆ. ನೊಣದ ವಿದ್ಯೆಯಲ್ಲಿ ತಾನು ಪ್ರವೀಣನಲ್ಲವೆಂದು ಅವನು ಬಲ್ಲನು. ಆ ಭಾಗಕ್ಕೆ ಥಾಮಸ್ ಬಾರ್ಕರನ ಋಣವನ್ನು ಒಪ್ಪಿಕೊಂಡನು.

ಬ್ರೀಮ್ ಮೀನಿನ ಅಧ್ಯಾಯವನ್ನು ಓದಿದರೆ ಅವನು ಎಂತಹ ಸಿದ್ಧತೆಯ ಮನುಷ್ಯನೆಂಬುದು ತಿಳಿಯುತ್ತದೆ. ಹುಳುಗಳನ್ನು ಮೊದಲೇ ಕೂಡಿಟ್ಟು ಪಾಚಿಯಲ್ಲಿ ಹದಗೊಳಿಸಬೇಕು. ಮೀನು ಕೂಡುವ ಮಡುವನ್ನು ನೋಡಿಟ್ಟುಕೊಂಡು ನೀರಿನ ಆಳವನ್ನು ಅಳೆಯಬೇಕು. ಮೊಳಕೆ ಕಟ್ಟಿಸಿ ತರಿಯಾಗಿ ಒಡೆದ ಬಾರ್ಲಿಯನ್ನು ಕುದಿಸಿ, ಸೋಸಿ, ಆರಿಸಿ, ಸಂಜೆ ಎಂಟು ಒಂಬತ್ತು ಗಂಟೆಗೆ, ಅದಕ್ಕೆ ಮೊದಲಲ್ಲ, ಉಂಡೆ ಹಿಸುಕಿ ನೀರಿಗೆ ಹಾಕಬೇಕು. ಬೆಳಗಿನ ಜಾವ ಮೂರು ನಾಲ್ಕರ ನಡುವೆ ಸದ್ದಿಲ್ಲದೆ ಬಂದು ಕೂರಬೇಕು. ಕಾರ್ಪ್ ಇನ್ನೂ ಕಠಿಣ: ಒಳ್ಳೆಯ ಗಾಳದವನೊಬ್ಬನು ಮೂರು ನಾಲ್ಕು ದಿನ, ದಿನಕ್ಕೆ ನಾಲ್ಕಾರು ಗಂಟೆ ಕಾದರೂ ಒಂದು ಕಚ್ಚೂ ಸಿಗದೆ ಹೋದದ್ದನ್ನು ಅವನು ಹೇಳುತ್ತಾನೆ.

ತಪ್ಪುಗಳೂ ಉಂಟು. ಪೈಕ್ ಮೀನುಗಳಲ್ಲಿ ಕೆಲವು ನೀರಿನ ಕಳೆಯಿಂದ ಹುಟ್ಟುತ್ತವೆಂದು ಅವನು ನಂಬಿದ್ದನು. ಜೀವಂತ ಕಪ್ಪೆಯನ್ನು ಗಾಳಕ್ಕೆ ಪೋಣಿಸುವ ಅವನ ವಿಧಾನವನ್ನು ನಾನು ಓದಿದ್ದು ಮುಖ ತಿರುಗಿಸಿಕೊಂಡೇ. ‘ಡಾನ್ ಜುವಾನ್’ ಕಾವ್ಯದಲ್ಲಿ ಬೈರನ್ನನು ಇವನನ್ನು ಕ್ರೂರಿಯೆಂದು ಜರೆದದ್ದು ಪೂರ್ತಿ ಅನ್ಯಾಯವಲ್ಲ. ಆದರೆ ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ಅದನ್ನು ಹಿಡಿಯಬಾರದೆಂಬ ಹಳೆಯ ಕಟ್ಟಳೆಯನ್ನು ಯಾರೂ ಪಾಲಿಸುತ್ತಿಲ್ಲವೆಂದು ದುಃಖಪಟ್ಟವನೂ ಅವನೇ. ಇಂದು ಇಂಗ್ಲೆಂಡಿನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಒರಟು ಮೀನುಗಳಿಗೆ ಗಾಳ ಹಾಕುವಂತಿಲ್ಲ; ಹೆಚ್ಚಿನ ಕೆರೆಗಳಿಗೆ ಮಾತ್ರ ಈ ನಿರ್ಬಂಧವಿಲ್ಲ. ವಾಲ್ಟನ್ನನ ಮೇ ತಿಂಗಳ ಆ ಚಬ್ ಇಂದು ಅಪರಾಧವಾಗುತ್ತಿತ್ತೆಂಬುದು ತಮಾಷೆಯ ಸಂಗತಿ.

ಪುಸ್ತಕವನ್ನು ಅವನು ಬದುಕಿರುವಷ್ಟು ದಿನವೂ ತಿದ್ದಿದನು, ಬೆಳೆಸಿದನು. ಎರಡನೆಯ ಹೆಂಡತಿ ಆನ್ 1662ರಲ್ಲಿ ತೀರಿಕೊಂಡ ಬಳಿಕ ಬಿಷಪ್ ಮಾರ್ಲೆಯ ಆಶ್ರಯದಲ್ಲಿ ಬಹುಕಾಲ ಕಳೆದನು. ಚಾರ್ಲ್ಸ್ ಕಾಟನ್ ಎಂಬ ಕಿರಿಯ ಕವಿಮಿತ್ರನು ಡವ್ ನದಿಯ ದಂಡೆಯಲ್ಲಿ 1674ರಲ್ಲಿ ಗಾಳದವರಿಗಾಗಿ ಪುಟ್ಟ ಮನೆಯೊಂದನ್ನು ಕಟ್ಟಿಸಿ, ಬಾಗಿಲ ಮೇಲೆ ಇಬ್ಬರ ಹೆಸರಿನ ಮೊದಲಕ್ಷರಗಳನ್ನು ಹೆಣೆದು ಕೆತ್ತಿಸಿದನು. 1676ರ ಐದನೆಯ ಮುದ್ರಣಕ್ಕೆ ನೊಣದ ವಿದ್ಯೆಯ ಭಾಗವನ್ನು ಬರೆದುಕೊಟ್ಟವನೂ ಅವನೇ. ಆಗ ವಾಲ್ಟನ್ನನಿಗೆ ಎಂಬತ್ತಮೂರು.

ತೊಂಬತ್ತನೆಯ ಹುಟ್ಟುಹಬ್ಬದ ದಿನ, 1683ರ ಆಗಸ್ಟಿನಲ್ಲಿ, ತನ್ನ ಉಯಿಲನ್ನು ಬರೆಯಲು ಕುಳಿತನು. ಅದೇ ಡಿಸೆಂಬರ್ 15ರಂದು ವಿಂಚೆಸ್ಟರಿನಲ್ಲಿ ಅಳಿಯನ ಮನೆಯಲ್ಲಿ ತೀರಿಕೊಂಡನು. ನದಿಗಳೇ ಹೆಪ್ಪುಗಟ್ಟಿದ ಮಹಾಚಳಿಗಾಲ ಅದು. ಅಲ್ಲಿನ ಕತೀಡ್ರಲ್ಲಿನಲ್ಲಿ ಅವನ ಸಮಾಧಿಯಿದೆ. ಹುಟ್ಟೂರಾದ ಸ್ಟಾಫರ್ಡಿಗೆ ಅವನು ಒಂದು ಜಮೀನಿನ ಆದಾಯವನ್ನು ಬಿಟ್ಟುಹೋದನು. ಬಡ ಹುಡುಗರಿಗೆ ಕಸುಬು ಕಲಿಸಲು ಒಂದಿಷ್ಟು ಹಣ. ಬಡವರ ಒಲೆಗೆ ಕಲ್ಲಿದ್ದಲು ಕೊಳ್ಳಲು ಇನ್ನೊಂದಿಷ್ಟು. ಕಲ್ಲಿದ್ದಲನ್ನು ಯಾವಾಗ ಹಂಚಬೇಕೆಂಬುದನ್ನೂ ಗೊತ್ತುಮಾಡಿ ಬರೆದಿದ್ದಾನೆ: ಜನವರಿಯ ಕೊನೆಯ ವಾರ, ಇಲ್ಲವೇ ಫೆಬ್ರವರಿಯ ಮೊದಲ ವಾರ. ಬಡವರಿಗೆ ವರ್ಷದಲ್ಲಿ ಅತ್ಯಂತ ಕಷ್ಟದ ದಿನಗಳು ಅವೇ ಎಂಬುದು ಅವನ ತಿಳಿವಾಗಿತ್ತು.